ಹೂವಿನ ಬಣ್ಣ ಹೂವಿನದೇ ಆಗಿರಲಿ

(ಕುಂದಾಪುರದಲ್ಲಿ ವಿದ್ಯಾರ್ಥಿಗಳಿಗೂ ಪರಿಸರಾಸಕ್ತರಿಗೂ ಏರ್ಪಡಿಸಿದ್ದ ಶಿಬಿರವೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಹವ್ಯಾಸಕ್ಕಾಗಿ ಹೂಗಳ ಛಾಯಾಚಿತ್ರ ತೆಗೆಯುವವರನ್ನು ಕಾಡುವ ಎರಡು ತೊಡಕುಗಳ ಕುರಿತು ಮಾತನಾಡಬೇಕೆಂದು ಸಂಘಟಕರು ಸೂಚಿಸಿದ್ದಾರೆ. ಒಂದು, ಚಿತ್ರಕ್ಕೆ ಎಷ್ಟು ಬೆಳಕು ಬೀಳಬೇಕು ಎಂಬುದು. ಇನ್ನೊಂದು, ಹೂವಿನ ಬಣ್ಣ ಚಿತ್ರದಲ್ಲಿ ಹೂವಿನ ಬಣ್ಣವಾಗಿಯೇ ಬರುವಂತೆ ಮಾಡುವುದು ಹೇಗೆ ಎಂಬುದು. ಕೃಷಿ ವಿಜ್ಞಾನಿಗೆ ಈ ಉಸಾಬರಿ ಏಕೆ ಎಂದು ಕೆಲವರಿಗೆ ಅನಿಸಿರಬಹುದು. ನನ್ನ ದೃಷ್ಟಿಯಲ್ಲಿ ಹೂವಿನ ಚಿತ್ರವು ಮೊದಲು ದಾಖಲೆ, ಅನಂತರ ಅಲಂಕಾರ. ದಾಖಲೆಯೆಂದ ಮೇಲೆ ಅದು ನಿಜ ಹೇಳಬೇಕು.

ಸಸ್ಯಶಾಸ್ತ್ರಜ್ಞರು ಗಿಡವನ್ನು ಒತ್ತಿ, ಒಣಗಿಸಿ, ಹಾಳೆಗೆ ಅಂಟಿಸಿ ಕಾಪಾಡುತ್ತಾರೆ. ಎಲೆಯ ಅಂಚು, ಕಾಂಡದ ಮೇಲಿನ ರೋಮ, ಬೀಜದ ಆಕಾರ ಇವೆಲ್ಲ ನೂರು ವರ್ಷ ಕಳೆದರೂ ಹಾಗೆಯೇ ಇರುತ್ತವೆ. ಹೂವಿನ ಬಣ್ಣವಾದರೋ ಬಹುಬೇಗ ಮಾಸಿ ಕಂದಾಗುತ್ತದೆ. ಆದ್ದರಿಂದಲೇ ಸಂಗ್ರಹಿಸುವವರು ಸ್ಥಳದಲ್ಲಿಯೇ ಬಣ್ಣವನ್ನು ಚೀಟಿಯಲ್ಲಿ ಬರೆದಿಡುತ್ತಾರೆ. ಡಾ. ಕೆ. ಗೋಪಾಲಕೃಷ್ಣ ಭಟ್ಟರ ‘ಫ್ಲೋರಾ ಆಫ್ ಉಡುಪಿ’ ಎಂಬ ಗ್ರಂಥವು 2003ರಲ್ಲಿ ಹೊರಬಂದಿತು. ಇಂತಹ ಗ್ರಂಥಗಳನ್ನು ಮುಂದಿಟ್ಟುಕೊಂಡು ಗಿಡವನ್ನು ಗುರುತಿಸಲು ಹೊರಟವರಿಗೆ ಹೂವಿನ ಬಣ್ಣವೂ ಒಂದು ಲಕ್ಷಣ. ನೇರಳೆಯ ಹೂವನ್ನು ನೀಲಿಯೆಂದು ತೋರಿಸುವ ಚಿತ್ರವು ಅವರನ್ನು ಬೇರೆ ದಾರಿಗೆ ಕೊಂಡೊಯ್ಯುತ್ತದೆ.

ನಮ್ಮ ಕರಾವಳಿಯ ಮುರಕಲ್ಲಿನ ಹಾಸುಗಳನ್ನೇ ನೋಡಿ. ಬೇಸಿಗೆಯಲ್ಲಿ ಅವು ಬರಡು ನೆಲದಂತೆ ಕಾಣುತ್ತವೆ. ಮಳೆ ಬಿದ್ದು ತೆಳುವಾದ ಮಣ್ಣು ನೆನೆದೊಡನೆ ಅಲ್ಲಿ ಬಿಳಿಯ ಗುಂಡಿಗಳಂತಹ ಎರಿಯೋಕಾಲಾನ್ ಹೂಗೊಂಚಲುಗಳು, ಸೂಕ್ಷ್ಮ ಜೀವಿಗಳನ್ನು ಹಿಡಿದು ಜೀರ್ಣಿಸಿಕೊಳ್ಳುವ ಯುಟ್ರಿಕ್ಯುಲೇರಿಯಗಳ ಕೆನ್ನೀಲಿ ಹೂಗಳು ಏಳುತ್ತವೆ. ಮಳೆ ಹಿಂದೆ ಸರಿದು ನೆಲ ಒಣಗಿದಾಗ ಮರೆಯಾಗುತ್ತವೆ. ಕಲ್ಲಿನ ಕೋರೆ ತೆರೆಯುವಾಗ ಮೊದಲು ಹೋಗುವುದು ಈ ತೆಳುವಾದ ಮಣ್ಣು. “ಅಲ್ಲಿ ಏನಿತ್ತು, ಬರೀ ಬಂಡೆ” ಎಂದು ಹೇಳುವುದು ಬೇಸಿಗೆಯಲ್ಲಿ ಬಲು ಸುಲಭ. ಏನಿತ್ತು ಎಂಬುದಕ್ಕೆ ಉತ್ತರ ಕೊಡಬಲ್ಲದ್ದು ದಿನಾಂಕ, ಸ್ಥಳ ಮತ್ತು ಸರಿಯಾದ ಬಣ್ಣವುಳ್ಳ ಚಿತ್ರ.

ಇನ್ನು ಬೆಳಕಿನ ವಿಷಯ. ಕ್ಯಾಮೆರಾದಲ್ಲಿ ಬೆಳಕನ್ನು ಅಳೆಯುವ ಮೀಟರು ಇದೆ. ಎದುರಿಗಿರುವುದು ಮಲ್ಲಿಗೆಯೋ ಇದ್ದಿಲೋ ಎಂಬುದು ಅದಕ್ಕೆ ತಿಳಿಯದು. ದೃಶ್ಯದಲ್ಲಿರುವುದೆಲ್ಲ ಸರಾಸರಿಯಲ್ಲಿ ಮಧ್ಯಮ ಬೂದು ಬಣ್ಣದಷ್ಟು ಬೆಳಕನ್ನು, ಹಳೆಯ ಪುಸ್ತಕಗಳು ಹೇಳುವಂತೆ ಸುಮಾರು ಶೇಕಡಾ 18ರಷ್ಟನ್ನು, ಹಿಂದಕ್ಕೆ ಕೊಡುತ್ತದೆ ಎಂದು ಅದು ನಂಬಿರುತ್ತದೆ. ಈಚಿನ ಕ್ಯಾಮೆರಾಗಳೂ ಮೊಬೈಲುಗಳೂ ಇದಕ್ಕಿಂತ ಜಾಣವಾಗಿವೆ, ನಿಜ. ಆದರೆ ಮೂಲದ ನಂಬಿಕೆ ಅದೇ.

ಇದರ ಪರಿಣಾಮವನ್ನು ನಮ್ಮ ಜಿಲ್ಲೆಯ ಶಂಕರಪುರ ಮಲ್ಲಿಗೆಯಲ್ಲಿ ನೋಡೋಣ. ಬಿಡಿಸಿ ತಂದ ಮೊಗ್ಗುಗಳು ಬುಟ್ಟಿ ತುಂಬ ಇವೆ, ಚೌಕಟ್ಟಿನ ತುಂಬ ಬಿಳಿಯೇ ಇದೆ ಎಂದುಕೊಳ್ಳಿ. ಮೀಟರು “ಬೆಳಕು ಅತಿಯಾಯಿತು” ಎಂದು ತಿಳಿದು ತಗ್ಗಿಸುತ್ತದೆ. ಮಲ್ಲಿಗೆ ಬೂದಿ ಬಳಿದಂತೆ ಮಂಕಾಗಿ ಬರುತ್ತದೆ. ಅಲ್ಲಿ ನಾವು ಬೆಳಕನ್ನು ಒಂದು ಅಥವಾ ಒಂದೂವರೆ ಮೆಟ್ಟಿಲು ಏರಿಸಬೇಕು. ಒಂದು ಮೆಟ್ಟಿಲು ಏರಿದರೆ ಬೆಳಕು ಇಮ್ಮಡಿಯಾಗುತ್ತದೆ, ಇಳಿದರೆ ಅರ್ಧವಾಗುತ್ತದೆ. ಕ್ಯಾಮೆರಾದಲ್ಲಿ ಕೂಡು ಮತ್ತು ಕಳೆ ಚಿಹ್ನೆಗಳಿರುವ ಗುಂಡಿ ಇದಕ್ಕಾಗಿಯೇ ಇದೆ.

ಅದೇ ಮಲ್ಲಿಗೆ ಗಿಡದಲ್ಲಿದೆ. ಒಂದೇ ಒಂದು ಹೂವು. ಸುತ್ತ ಕಡುಹಸುರು ಎಲೆ, ಹಿಂದೆ ತೋಟದ ನೆರಳು. ಈಗ ಮೀಟರು “ಕತ್ತಲೆಯಾಯಿತು” ಎಂದು ಬೆಳಕನ್ನು ಏರಿಸುತ್ತದೆ. ಎಲೆಗಳು ಚೆನ್ನಾಗಿ ಕಾಣುತ್ತವೆ. ಹೂವು ಮಾತ್ರ ಎಸಳಿನ ಗೆರೆಯೂ ಇಲ್ಲದ ಬಿಳಿಯ ಚುಕ್ಕೆಯಾಗುತ್ತದೆ. ಇಲ್ಲಿ ಒಂದು ಮೆಟ್ಟಿಲು ಇಳಿಸಬೇಕು. ಹೂವು ಅದೇ, ಬಣ್ಣವೂ ಅದೇ, ತಿದ್ದುಪಡಿ ಮಾತ್ರ ತದ್ವಿರುದ್ಧ. “ಬಿಳಿ ಹೂವಿಗೆ ಬೆಳಕು ಹೆಚ್ಚಿಸಿ” ಎಂದು ಕೆಲವು ಕೈಪಿಡಿಗಳು ಕೊಡುವ ಸೂತ್ರ ಅರ್ಧ ಸತ್ಯ. ಹೂವು ಚೌಕಟ್ಟಿನಲ್ಲಿ ಎಷ್ಟು ಜಾಗ ಹಿಡಿದಿದೆ, ಅದರ ಹಿಂದೆ ಏನಿದೆ ಎಂದು ನೋಡದೆ ಸೂತ್ರ ಹೇಳಲಾಗದು. ಮೇ–ಜೂನ್‌ನಲ್ಲಿ ಮರದ ಕೊಂಬೆಯಿಂದ ಇಳಿಬೀಳುವ ಸೀತಾಳೆ ದಂಡೆಯ ಹಿಂದೆ ಬೆಳ್ಳಗಿನ ಆಕಾಶವಿರುತ್ತದೆ. ಮೀಟರು ಆಕಾಶವನ್ನು ಅಳೆದು ಹೂವನ್ನು ಕಪ್ಪಾಗಿಸುತ್ತದೆ. ಅಲ್ಲಿ ಏರಿಸಬೇಕು, ಅಥವಾ ಎರಡು ಹೆಜ್ಜೆ ಸರಿದು ಆಕಾಶದ ಬದಲು ಮರದ ಕಾಂಡವೇ ಹಿಂದೆ ಬರುವಂತೆ ನಿಲ್ಲಬೇಕು. ನನಗೆ ಎರಡನೆಯದೇ ಮೆಚ್ಚು.

ಸಂದೇಹವಿದ್ದಾಗ ಎಸಳನ್ನು ಉಳಿಸಿ, ಎಲೆ ಕಪ್ಪಾದರೂ ಚಿಂತೆಯಿಲ್ಲ. ಕಪ್ಪಾದ ಭಾಗವನ್ನು ಆಮೇಲೆ ಸ್ವಲ್ಪ ಮಟ್ಟಿಗೆ ಎತ್ತಬಹುದು. ಬೆಳಕು ತುಂಬಿ ಉಕ್ಕಿದ ಭಾಗದಲ್ಲಿ ವಿವರವೇ ದಾಖಲಾಗಿರುವುದಿಲ್ಲ. ಇಲ್ಲದ್ದನ್ನು ಯಾವ ಗಣಕವೂ ತಂದುಕೊಡಲಾರದು.

ಹಳದಿ ಮತ್ತು ಕೆಂಪು ಹೂಗಳಲ್ಲಿ ಇನ್ನೊಂದು ತೊಡಕಿದೆ. ಕೊಲ್ಲೂರಿನ ರಸ್ತೆ ಹೆದ್ದಾರಿಯಿಂದ ಕವಲೊಡೆಯುವ ಹೆಮ್ಮಾಡಿಯ ಸೇವಂತಿಗೆ ನಿಮಗೆಲ್ಲ ಗೊತ್ತು. ಸೇವಂತಿಗೆ ರಾತ್ರಿ ದೀರ್ಘವಾದಾಗ ಮೊಗ್ಗು ಕಟ್ಟುವ ಜಾತಿ. ಹೆಮ್ಮಾಡಿಯ ಗದ್ದೆಗಳು ಮಾರಣಕಟ್ಟೆ ಬ್ರಹ್ಮಲಿಂಗೇಶ್ವರನ ಮಕರ ಸಂಕ್ರಮಣದ ಜಾತ್ರೆಯ ಹೊತ್ತಿಗೆ ಹಳದಿಯಾಗುತ್ತವೆ. ಆ ಹಳದಿಯ ಚಿತ್ರ ತೆಗೆದವರಲ್ಲಿ ಅನೇಕರು “ಎಸಳುಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾದವು” ಎನ್ನುತ್ತಾರೆ. ಕಾರಣ ಕ್ಯಾಮೆರಾದ ಸಂವೇದಕದಲ್ಲಿದೆ. ಅದರ ಮೇಲೆ ಕೆಂಪು, ಹಸುರು, ನೀಲಿ ಸೋಸುಗಾಜುಗಳ ಜಾಲರಿ ಇರುತ್ತದೆ. ನಾಲ್ಕು ಚುಕ್ಕೆಗಳಲ್ಲಿ ಎರಡು ಹಸುರು, ಒಂದು ಕೆಂಪು, ಒಂದು ನೀಲಿ. ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ 1976ರಲ್ಲಿ ಹಕ್ಕುಪತ್ರ ಪಡೆದ ವಿನ್ಯಾಸವಿದು. ಹಳದಿಯೆಂದರೆ ಕೆಂಪು ಮತ್ತು ಹಸುರು ಎರಡೂ ಪ್ರಬಲವಾಗಿ, ನೀಲಿ ಕ್ಷೀಣವಾಗಿ ಬರುವ ಬಣ್ಣ. ಬಿಸಿಲಿನಲ್ಲಿ ಮೊದಲ ಎರಡೂ ತುಂಬಿ ಉಕ್ಕುತ್ತವೆ. ಎಸಳಿನ ಮೇಲಿನ ನೆರಳು–ಬೆಳಕಿನ ಭೇದ ಅಳಿಸಿಹೋಗುತ್ತದೆ. ಕೇಪಳದಂತಹ ಅಚ್ಚಕೆಂಪು ಹೂವಿನಲ್ಲಿ ಕೆಂಪು ಒಂದೇ ಉಕ್ಕುತ್ತದೆ. ಇದು ಇನ್ನೂ ಮೋಸದ್ದು. ಬೆಳಕಿನ ಹಂಚಿಕೆಯನ್ನು ತೋರಿಸುವ ಹಿಸ್ಟೋಗ್ರಾಮ್ ಎಂಬ ನಕ್ಷೆಯು ಹಸುರಿಗೆ ಹೆಚ್ಚು, ಕೆಂಪಿಗೆ ಕಡಿಮೆ ತೂಕ ಕೊಟ್ಟು ಲೆಕ್ಕ ಹಾಕುವುದರಿಂದ ಎಲ್ಲವೂ ಸರಿಯಿದೆ ಎಂದೇ ತೋರಿಸಬಹುದು. ನಿಮ್ಮ ಕ್ಯಾಮೆರಾದಲ್ಲಿ ಮೂರು ಬಣ್ಣಗಳ ನಕ್ಷೆ ಬೇರೆ ಬೇರೆಯಾಗಿ ಕಾಣುವ ಸೌಲಭ್ಯವಿದ್ದರೆ ಅದನ್ನೇ ನೋಡಿ. ಕೆಂಪಿನ ಗುಡ್ಡ ಬಲಗೋಡೆಗೆ ಒರಗಿದ್ದರೆ ಬೆಳಕನ್ನು ಇಳಿಸಿ, ಮತ್ತೆ ತೆಗೆಯಿರಿ.

ಮೊಬೈಲಿನಲ್ಲಿ ತೆಗೆಯುವವರೇ ಇಲ್ಲಿ ಹೆಚ್ಚು. ತೆರೆಯ ಮೇಲೆ ಹೂವನ್ನೇ ಬೆರಳಿನಿಂದ ಮುಟ್ಟಿ. ಅನೇಕ ಮೊಬೈಲುಗಳಲ್ಲಿ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಬೆಳಕು ಮತ್ತು ನಾಭಿ ಎರಡೂ ಅಲ್ಲಿಗೇ ನಿಲ್ಲುತ್ತವೆ. ಆಮೇಲೆ ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಎಸಳಿನ ಗೆರೆ ಕಾಣುವವರೆಗೆ ಕೆಳಕ್ಕೆ ಎಳೆಯಿರಿ. ‘ಹೂವು’ ಎಂದು ತಾನೇ ಗುರುತಿಸಿ ಬಣ್ಣವನ್ನು ಗಾಢಗೊಳಿಸುವ ಏರ್ಪಾಡಿದ್ದರೆ ಆರಿಸಿಬಿಡಿ. ಶುಭಾಶಯ ಪತ್ರದಂತಹ ಆ ಬಣ್ಣಗಳನ್ನು ಕಂಡರೆ ನನಗೆ ಮಿಠಾಯಿ ಅಂಗಡಿಯ ನೆನಪಾಗುತ್ತದೆ.

ಬಣ್ಣ ಕೆಡಲು ಬೆಳಕಿನ ಪ್ರಮಾಣದಷ್ಟೇ ಬೆಳಕಿನ ಬಣ್ಣವೂ ಕಾರಣ. ಸಂಜೆಯ ಬಿಸಿಲು ಕಿತ್ತಳೆ, ನೆರಳಿನ ಬೆಳಕು ನೀಲಿ, ಅಡಿಕೆ ತೋಟದೊಳಗಿನದು ಎಲೆಗಳಿಂದ ಸೋಸಿ ಬಂದ ಹಸುರು, ಮುರಕಲ್ಲಿನ ಮೇಲಿನದು ನೆಲದಿಂದ ಚಿಮ್ಮಿದ ಕೆಂಪು. ನಮ್ಮ ಕಣ್ಣು ಇದನ್ನೆಲ್ಲ ತಾನೇ ಸರಿಪಡಿಸಿಕೊಳ್ಳುತ್ತದೆ. ಕ್ಯಾಮೆರಾ ಸರಿಪಡಿಸಲು ಯತ್ನಿಸುತ್ತದೆ, ಇದಕ್ಕೆ ವೈಟ್ ಬ್ಯಾಲೆನ್ಸ್ ಎನ್ನುತ್ತಾರೆ. ಆದರೆ ಗದ್ದೆ ತುಂಬ ಸೇವಂತಿಗೆಯಿದ್ದಾಗ ಅದು ಹಳದಿಯನ್ನು ಬೆಳಕಿನ ದೋಷವೆಂದು ತಿಳಿದು ಹೂವಿನಿಂದಲೇ ಹಳದಿಯನ್ನು ಕಳೆಯುವುದುಂಟು. ಆದ್ದರಿಂದ ಹೂವಿನ ಗದ್ದೆಯಲ್ಲಿ ಸ್ವಯಂಚಾಲಿತ ವ್ಯವಸ್ಥೆಯನ್ನು ಬಿಟ್ಟು ‘ಬಿಸಿಲು’ ಅಥವಾ ‘ಮೋಡ’ ಎಂದು ನೀವೇ ನಿಗದಿಪಡಿಸಿ.

ಭತ್ತ ಬೆಳೆಯುವವರಿಗೆ ಎಲೆ ಬಣ್ಣದ ಪಟ್ಟಿ ಪರಿಚಿತ. ಎಲೆಯ ಹಸುರನ್ನು ಪಟ್ಟಿಯೊಡನೆ ಹೋಲಿಸಿ ಸಾರಜನಕ ಬೇಕೋ ಬೇಡವೋ ಎಂದು ತೀರ್ಮಾನಿಸುವ ಸಾಧನ. ಅದನ್ನು ಬಳಸುವಾಗ ಎಲೆಯ ಮೇಲೆ ನೇರ ಬಿಸಿಲು ಬೀಳಬಾರದು, ನಮ್ಮ ಮೈಯ ನೆರಳಿನಲ್ಲಿ ನೋಡಬೇಕು, ಪ್ರತಿಸಲವೂ ದಿನದ ಅದೇ ಹೊತ್ತಿನಲ್ಲಿ ನೋಡಬೇಕು ಎಂಬ ನಿಯಮವಿದೆ. ಹೂವಿನ ಚಿತ್ರಕ್ಕೂ ಇದಕ್ಕಿಂತ ಒಳ್ಳೆಯ ನಿಯಮವನ್ನು ನಾನು ಕಾಣೆ. ಬಿಸಿಲಿಗೆ ಬೆನ್ನು ಕೊಟ್ಟು ಹೂವಿನ ಮೇಲೆ ನೆರಳು ಬೀಳಿಸಿ. ಕೊಡೆ ಹಿಡಿಯುವುದಾದರೆ ಕಪ್ಪು ಕೊಡೆಯೇ ಇರಲಿ. ಕೆಂಪು ಕೊಡೆಯ ಕೆಳಗೆ ಬಿಳಿ ಹೂವು ನಾಚಿಕೊಂಡಂತೆ ಬರುತ್ತದೆ. ಮಳೆಗಾಲದ ಮೋಡದ ಬೆಳಕು ಇದೆಲ್ಲವನ್ನೂ ತಾನಾಗಿ ಮಾಡಿಕೊಡುತ್ತದೆ.

ಜೊತೆಗೆ, ಮೊದಲ ಒಂದು ಚಿತ್ರದಲ್ಲಿ ಹೂವಿನ ಪಕ್ಕ ಬೂದು ಕಾರ್ಡನ್ನು ಇಟ್ಟು ತೆಗೆಯಿರಿ. ಅದು ಇಲ್ಲದಿದ್ದರೆ ಸಾದಾ ಬಿಳಿ ಹಾಳೆಯಾದರೂ ಇರಲಿ. ನೀಲಿ ಹಾಕಿ ಒಗೆದ ಪಂಚೆ ಬೇಡ, ಅದರ ಬಿಳಿ ಬಿಳಿಯಲ್ಲ. ಚಿತ್ರವನ್ನು ರಾ ಕಡತವಾಗಿ ಉಳಿಸಿಕೊಂಡರೆ ಆ ಕಾರ್ಡನ್ನು ಆಧಾರವಾಗಿಟ್ಟು ಬಣ್ಣವನ್ನು ಮನೆಯಲ್ಲಿ ಕುಳಿತು ಸರಿಪಡಿಸಬಹುದು.

ನೇರಳೆ ಮತ್ತು ಕೆನ್ನೀಲಿ ಹೂಗಳು ಇಷ್ಟು ಮಾಡಿದರೂ ಪೂರ್ತಿ ಮಣಿಯುವುದಿಲ್ಲ. ನೆಕ್ಕರೆಯ ಹೂವು ಒಂದು ಮೊಬೈಲಿನಲ್ಲಿ ಗುಲಾಬಿ, ಇನ್ನೊಂದರಲ್ಲಿ ನೀಲಿಮಿಶ್ರಿತ. ಸಂವೇದಕವು ಬಣ್ಣಗಳನ್ನು ನಮ್ಮ ಕಣ್ಣಿನಂತೆಯೇ ವಿಂಗಡಿಸುವುದಿಲ್ಲ. ಅಂತಹ ಹೂಗಳಿಗೆ ಪುಸ್ತಕ–ಪೆನ್ಸಿಲೇ ಸರಿ. ‘ಬದನೆ ಹೂವಿನ ಬಣ್ಣ’, ‘ಪುನರ್ಪುಳಿ ಪಾನಕದ ಬಣ್ಣ’ ಎಂದು ಅಲ್ಲಿಯೇ ಬರೆದಿಡಿ. ನಗಬೇಡಿ, ‘ವಯೊಲೆಟ್’ ಎಂದು ಬರೆಯುವುದಕ್ಕಿಂತ ಇದು ನಿಖರ.

ರೈತರಿಗೆ ಸಂಬಂಧಿಸಿದ ಒಂದು ಮಾತು. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ 2001ರದು. ಅದರಡಿ ತಳಿಗಳನ್ನು ಪರೀಕ್ಷಿಸುವಾಗ ಅಲಂಕಾರಿಕ ಹೂಗಳಲ್ಲಿ ಎಸಳಿನ ಬಣ್ಣವೂ ಒಂದು ಲಕ್ಷಣ. ಅದನ್ನು ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಬಣ್ಣದ ಪಟ್ಟಿಯೊಡನೆ ಹೋಲಿಸುತ್ತಾರೆ. ಹೆಮ್ಮಾಡಿಯ ಹಳದಿ ಬೇರೆ, ಪೇಟೆಗೆ ಹೊರಗಿನಿಂದ ಬರುವ ಸೇವಂತಿಗೆಯ ಹಳದಿ ಬೇರೆ ಎಂದು ಬೆಳೆಗಾರರು ವಾದಿಸುವುದಾದರೆ, ಬಣ್ಣ ಏರಿಸಿದ ಚಿತ್ರಗಳು ಆ ವಾದಕ್ಕೆ ಉಪಯೋಗಕ್ಕೆ ಬಾರವು. ವರ್ಷವರ್ಷವೂ ಒಂದೇ ಕ್ರಮದಲ್ಲಿ, ಕಾರ್ಡು ಇಟ್ಟು ತೆಗೆದ ಚಿತ್ರಗಳು ಬಂದಾವು. ಅವನ್ನು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಂತಹ ಕಡೆಗೆ ವಾಟ್ಸಾಪಿನಲ್ಲಿ ಕಳುಹಿಸುವಾಗ ಚಿತ್ರವಾಗಿ ಕಳುಹಿಸದೆ ದಾಖಲೆಯಾಗಿ, ಅಂದರೆ ‘ಡಾಕ್ಯುಮೆಂಟ್’ ಎಂದು ಕಳುಹಿಸಿ. ಇಲ್ಲವಾದರೆ ಕುಗ್ಗಿಸುವ ಭರದಲ್ಲಿ ವಿವರ ನಷ್ಟವಾಗುತ್ತದೆ.

ಸಂಕ್ರಮಣಕ್ಕೆ ಇನ್ನು ಕೆಲವೇ ದಿನಗಳಿವೆ. ಊಟವಾದ ಮೇಲೆ ನಾವು ಹೆಮ್ಮಾಡಿಯ ಗದ್ದೆಗೆ ಹೋಗುವವರಿದ್ದೇವೆ. ಒಡೆಯರ ಒಪ್ಪಿಗೆ ಪಡೆದಾಗಿದೆ. ಬದುವಿನ ಮೇಲೆಯೇ ನಡೆಯಿರಿ, ಒಂದು ಹೂವನ್ನೂ ಕೀಳಬೇಡಿ. ಅದು ದೇವರಿಗೆಂದು ಬೆಳೆದದ್ದು, ಒಂದು ಮನೆಯ ಆದಾಯವೂ ಹೌದು. ಪ್ರತಿಯೊಬ್ಬರೂ ಮೂರು ಚಿತ್ರ ತೆಗೆಯಿರಿ: ಮೀಟರು ಹೇಳಿದಂತೆ ಒಂದು, ಒಂದು ಮೆಟ್ಟಿಲು ಇಳಿಸಿ ಒಂದು, ಏರಿಸಿ ಒಂದು. ರಾತ್ರಿ ಅವನ್ನು ಗೋಡೆಯ ಮೇಲೆ ಹಾಕಿ ನೋಡೋಣ. ಬೂದು ಕಾರ್ಡುಗಳು ಬಾಗಿಲ ಬಳಿಯ ಮೇಜಿನ ಮೇಲಿವೆ, ಇಬ್ಬರಿಗೊಂದರಂತೆ ತೆಗೆದುಕೊಳ್ಳಿ.