ಉಪ್ಪು ಮತ್ತು ಉಪ್ಪಿಲು

ಚಂದಕವಾಡಿಯಲ್ಲಿ ಹುಟ್ಟಿ ಬೆಳೆದವನಿಗೆ ಸಮುದ್ರವೆಂಬುದು ಭೂಪಟದ ಮೇಲಿನ ನೀಲಿ ಬಣ್ಣ ಮಾತ್ರ. ನಮ್ಮದು ಮಳೆಯನ್ನು ನಂಬಿದ ಬಯಲು. ಮೂಡಲಿಗೆ ಕಣ್ಣೆತ್ತಿದರೆ ಬಿಳಿಗಿರಿರಂಗನ ಬೆಟ್ಟದ ಸಾಲು. ಕಡಲಂಚಿನ ಜೀವಿಗಳನ್ನು ಕುರಿತು ಮಾತನಾಡಲು ಇವನಿಗೆ ಏನು ಅಧಿಕಾರ ಎಂದು ನೀವು ಕೇಳಬಹುದು. ಅಧಿಕಾರವಿಲ್ಲ, ತೀರಿಸಬೇಕಾದ ಸಾಲವೊಂದಿದೆ.

ಮೂವತ್ತು ವರ್ಷಗಳ ಹಿಂದೆ ನಾನು ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದೆ. ಒಂದು ದಿನ ಕಾಂಡ್ಲಗಿಡದ ಪಾಠ. ಉಪ್ಪುನೀರಿನಲ್ಲಿ ನಿಂತು ಬದುಕುವ ಗಿಡ, ತಾಯಿಯ ಕೊಂಬೆಯಲ್ಲೇ ಮೊಳೆಯುವ ಬೀಜ. ನಾನು ಕಂಡದ್ದಲ್ಲ, ಪುಸ್ತಕ ಹೇಳಿದ್ದು. “ಇಂಥ ವಿಚಿತ್ರ ನಮ್ಮ ಸೀಮೆಯಲ್ಲಿಲ್ಲ” ಎಂದು ಮುಗಿಸುವಷ್ಟರಲ್ಲಿ ಸೋಲಿಗರ ಹುಡುಗನೊಬ್ಬ ಎದ್ದು ನಿಂತ. “ಸಾ, ನಮ್ಮ ಕಾಡಲ್ಲೂ ಉಪ್ಪಿಲು ಅದೆ. ಮರದ ಮ್ಯಾಲೇ ಬದುಕ್ತದೆ” ಎಂದ. ತರಗತಿ ನಕ್ಕಿತು. ಉಪ್ಪು ಎಂಬ ಮಾತು ಅವನ ಕಿವಿಗೆ ಬೇರೆಯಾಗಿ ಬಿತ್ತೆಂದು ಬಗೆದು ನಾನೂ ನಕ್ಕೆ. ಹುಡುಗ ಕುಳಿತ. ಆ ವರ್ಷವಿಡೀ ನನ್ನ ಮುಂದೆ ಅವನು ಮತ್ತೆ ಬಾಯಿ ತೆರೆಯಲಿಲ್ಲ.

ನಿವೃತ್ತಿಯ ನಂತರ ಕುಮಟೆಯ ಬಳಿ ಅಘನಾಶಿನಿ ನದಿ ಕಡಲನ್ನು ಸೇರುವೆಡೆಗೆ ಹೋದೆ. ಈ ನದಿಗೆ ಎಲ್ಲಿಯೂ ಅಣೆಕಟ್ಟಿಲ್ಲ. ಇದರ ಅಳಿವೆಗೆ 2024ರಲ್ಲಿ ರಾಮ್ಸಾರ್ ಜೌಗುತಾಣದ ಮಾನ್ಯತೆ ದೊರೆಯಿತು. ನೀರಿಳಿದ ಹೊತ್ತು. ಕಾಂಡ್ಲಗಳು ಬಿಲ್ಲಿನಂಥ ಬೇರುಗಳನ್ನು ಕೆಸರಿಗೆ ಊರಿ ನಿಂತಿದ್ದವು. ಕೊಂಬೆಗಳಿಂದ ಮೊಳದುದ್ದದ ಹಸಿರು ಮೊಳಕೆಗಳು ಈಟಿಗಳಂತೆ ಜೋಲುತ್ತಿದ್ದವು; ಕೆಲವು ಅಲ್ಲೇ ಕೆಸರಿಗೆ ನಾಟಿಕೊಂಡರೆ ಕೆಲವು ತೇಲಿಹೋಗಿ ಬೇರೆ ದಡ ಹಿಡಿಯುತ್ತವೆ. ಪಕ್ಕದ ಉಪ್ಪಟಿ ಗಿಡದ ಎಲೆಯನ್ನು ನಾಲಿಗೆಗೆ ತಾಗಿಸಿದೆ, ಉಪ್ಪು! ಹೀರಿದ ಉಪ್ಪನ್ನು ಅದು ಎಲೆಯ ಮೂಲಕ ಹೊರಹಾಕುತ್ತದೆ. ಕಾಂಡ್ಲವಾದರೋ ಹೆಚ್ಚಿನ ಉಪ್ಪನ್ನು ಬೇರಿನಲ್ಲಿಯೇ ತಡೆಯುತ್ತದೆ.

ಈ ಗಿಡಗಳ ಉದುರಿದ ಎಲೆ ಕೊಳೆತು ಅಳಿವೆಯ ಅನ್ನವಾಗುತ್ತದೆ. ಸೊಂಟಮಟ್ಟದ ನೀರಿನಲ್ಲಿ ನಿಂತು ಜನರು ಬಳಚು ಆಯುತ್ತಿದ್ದರು. ಎರಡು ಚಿಪ್ಪುಗಳ ನಡುವೆ ಅಡಗಿದ ಈ ಮೆತ್ತನೆಯ ಜೀವಿ ಬೇಟೆಗೆ ಹೋಗುವುದಿಲ್ಲ. ಮರಳಿನಲ್ಲಿ ಹುದುಗಿ, ನೀರನ್ನು ಒಳಗೆಳೆದು, ಕಿವಿರುಗಳಲ್ಲಿ ಸೋಸಿ, ಸಿಕ್ಕ ಸಣ್ಣ ಕಣವನ್ನೇ ಉಣ್ಣುತ್ತದೆ. ಸಿಹಿನೀರು, ಉಪ್ಪುನೀರು ಬೆರೆಯುವ ಹದ ಕೆಟ್ಟರೆ ಅದಕ್ಕೆ ಓಡಲು ಕಾಲಿಲ್ಲ. ಸಮೀಪದ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಅದು ಉಪ್ಪನ್ನೂ ತಾಳುತ್ತದೆ, ನೆರೆಯನ್ನೂ ತಾಳುತ್ತದೆ. ಎಲ್ಲಿ ಏನು ಬದುಕುತ್ತದೆಂಬುದನ್ನು ಅಲ್ಲಿನ ರೈತರು ಯಾವ ಪುಸ್ತಕದಿಂದಲೂ ಕಲಿತವರಲ್ಲ.

ಹಿಂದಿರುಗಿದ ಮೇಲೆ ಬೆಟ್ಟಕ್ಕೆ ಹೋಗಿ ಉಪ್ಪಿಲನ್ನು ತೋರಿಸಿರೆಂದು ಸೋಲಿಗ ಹಿರಿಯರೊಬ್ಬರನ್ನು ಕೇಳಿದೆ. ಅವರು ಒಂದು ನೆಲ್ಲಿಮರದ ಕೆಳಗೆ ನಿಲ್ಲಿಸಿ ಮೇಲೆ ಕೈತೋರಿದರು. ನಾವು ಬದನಿಕೆ ಎನ್ನುವ ಗಿಡವೇ ಅದು. ಹಕ್ಕಿ ಹಣ್ಣು ತಿಂದು ಬಿಟ್ಟ ಅಂಟುಬೀಜ ಕೊಂಬೆಗೆ ಕಚ್ಚಿಕೊಂಡು ಅಲ್ಲಿಯೇ ಮೊಳೆಯುತ್ತದೆ. ನೆಲವನ್ನು ಮುಟ್ಟುವುದೇ ಇಲ್ಲ. ಮರದ ನೀರನ್ನು ತನ್ನತ್ತ ಎಳೆಯಬೇಕಾದರೆ ಅದು ಮರಕ್ಕಿಂತ ಬಲವಾಗಿ ಹೀರಬೇಕು. ಉಪ್ಪುನೀರಿನಿಂದ ಸಿಹಿನೀರನ್ನು ಸೆಳೆಯಲು ಕಾಂಡ್ಲವೂ ಹಾಗೆಯೇ ಬಲವಾಗಿ ಹೀರಬೇಕು. ಸುತ್ತ ನೀರಿದ್ದೂ ಸುಲಭವಾಗಿ ಸಿಗದ ಎಡೆಯಲ್ಲಿ ಎರಡೂ ಮನೆಮಾಡಿವೆ. ನನ್ನ ತರಗತಿಯಲ್ಲಿ ಅಂದು ಸರಿಯಾದ ಹೋಲಿಕೆ ಕಂಡವನು ಒಬ್ಬನೇ.

ಹಿರಿಯರು ಇನ್ನೊಂದು ಮಾತು ಹೇಳಿದರು. ಹಿಂದೆ ಬೇಸಿಗೆಯ ಮೊದಲಲ್ಲಿ ತಮ್ಮವರು ತರಗೆಲೆಗೆ ಸಣ್ಣ ಬೆಂಕಿ ಇಡುತ್ತಿದ್ದರಂತೆ. ಅದನ್ನು ತರಗು ಬೆಂಕಿ ಎನ್ನುತ್ತಾರೆ. ಅದರಿಂದ ಉಪ್ಪಿಲೂ ಲಂಟಾನವೂ ಹತೋಟಿಯಲ್ಲಿದ್ದವಂತೆ. 1974ರಲ್ಲಿ ಕಾಡು ಅಭಯಾರಣ್ಯವಾಯಿತು, ಬೆಂಕಿ ಅಪರಾಧವಾಯಿತು. ಲಂಟಾನ ಕಾಡನ್ನೆಲ್ಲ ಕವಿಯಿತು, ನೆಲ್ಲಿಯ ಮೇಲೆ ಉಪ್ಪಿಲು ಹೆಚ್ಚಿತು. ಸಂಶೋಧಕರು ಬಂದು ಈ ಮಾತನ್ನು ಬರೆದುಕೊಂಡದ್ದು ಬಹಳ ತಡವಾಗಿ. ಸೋಲಿಗರ ಗ್ರಾಮಸಭೆಗಳಿಗೆ ಕಾಡಿನ ಸಮುದಾಯ ಹಕ್ಕು ದೊರೆತದ್ದು 2011ರಲ್ಲಿ. ಅದಕ್ಕೂ ಮೊದಲು ಎಷ್ಟು ಸಲ ಅವರ ಮಾತಿಗೆ ನಮ್ಮಂಥವರು ನಕ್ಕಿದ್ದೆವೋ!

ಜೀವಿಗಳು ಎಲ್ಲಿ ವಾಸಿಸುತ್ತವೆ ಎಂದು ಪಾಠ ಹೇಳಿದ ನಾನು, ಅವುಗಳನ್ನು ಕುರಿತ ತಿಳಿವು ಎಲ್ಲಿ ವಾಸಿಸುತ್ತದೆ ಎಂದು ಕೇಳಿಕೊಂಡಿರಲಿಲ್ಲ. ಅದು ಮೂರನೆಯ ಸಾಲಿನ ಬೆಂಚಿನ ಮೇಲೆ ಕುಳಿತಿತ್ತು.

ಆ ಹುಡುಗನಿಗೆ ಈಗ ನಲವತ್ತು ದಾಟಿರಬೇಕು. ಎಲ್ಲಿದ್ದಾನೋ ನಾನರಿಯೆ. ರೇಡಿಯೋ ಬೆಟ್ಟದ ಪೋಡುಗಳನ್ನೂ ಮುಟ್ಟುತ್ತದೆ. ಅವನು ಕೇಳುತ್ತಿದ್ದರೂ ಇರಬಹುದು. ಅಪ್ಪಾ, ಅಂದು ನೀನು ಹೇಳಿದ್ದು ಸರಿಯಾಗಿತ್ತು. ಮೇಷ್ಟ್ರಿಗೆ ಪಾಠ ತಿಳಿದಿರಲಿಲ್ಲ.