ಮರಳಿ ಬರುವವರಿಗೆ ಒಂದು ಬಾಗಿಲು

(ಶತಮಾನೋತ್ಸವದ ಅಂಗವಾಗಿ ಮಾಯಕೊಂಡದಲ್ಲಿ ಸೇರಿದ್ದ ಕುಟುಂಬಗಳ ಸಮ್ಮೇಳನದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನೂರು ವರ್ಷಗಳ ಹರ್ಷವನ್ನು ಆಚರಿಸುವ ಈ ಶುಭಸಂದರ್ಭದಲ್ಲಿ ಮದ್ಯಪಾನದ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಹಬ್ಬದ ದಿನವೂ ಒಲೆ ಹತ್ತದ ಮನೆಗಳನ್ನು ಬಲ್ಲ ತಾಯಂದಿರು ಹಾಗೆ ಕೇಳಲಾರರು. ಬೇರೆಯವರ ದೋಷವನ್ನು ಹೇಳುವ ಮುನ್ನ ನಮ್ಮದೇ ತಪ್ಪೊಂದನ್ನು ತಮ್ಮ ಮುಂದೆ ಒಪ್ಪಿಕೊಳ್ಳುತ್ತೇವೆ.

ಅನೇಕ ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿ ನಾವು ಸೇವೆಯಲ್ಲಿದ್ದಾಗ, ಕೂಲಿಯವರೊಬ್ಬರು ಪತ್ನಿಯೊಡನೆ ಗುರುಮನೆಗೆ ಬಂದರು. ಪವಿತ್ರ ಗ್ರಂಥದ ಮೇಲೆ ಕೈಯಿಡಿಸಿ, ಇನ್ನು ಮುಂದೆ ಕುಡಿಯುವುದಿಲ್ಲವೆಂದು ಆಣೆ ಮಾಡಿಸಿದೆವು. ಆ ತಾಯಿ ಸಂತೋಷದಿಂದ ಕಣ್ಣೀರಿಟ್ಟರು. ತಿಂಗಳು ತುಂಬುವ ಮೊದಲೇ ಆಣೆ ಮುರಿಯಿತು. ಆಮೇಲೆ ಆತ ನಮ್ಮನ್ನು ಕಂಡರೆ ಬೇರೆ ಓಣಿಗೆ ತಿರುಗುತ್ತಿದ್ದರು. ಭಾನುವಾರದ ಬಲಿಪೂಜೆಗೂ ಬರುವುದನ್ನು ಬಿಟ್ಟರು. ಮರುವರ್ಷ ಆ ತಾಯಿ ಒಬ್ಬರೇ ಬಂದು, ಮಕ್ಕಳನ್ನು ವಿದ್ಯಾರ್ಥಿನಿಲಯಕ್ಕೆ ಸೇರಿಸಲು ಪತ್ರ ಬೇಡಿದರು. ಪತ್ರ ಬರೆದುಕೊಟ್ಟೆವು. ಗಂಡನ ವಿಚಾರ ಕೇಳಲು ನಮಗೆ ಧೈರ್ಯವಾಗಲಿಲ್ಲ. ಆಣೆ ಮಾಡಿಸಿದ್ದೆವು, ಅದು ಮುರಿದಾಗ ಮರಳಿ ಬರಬಹುದೆಂದು ಮಾತ್ರ ಹೇಳಿರಲಿಲ್ಲ.

1935ರ ಮೇ ತಿಂಗಳಿನಲ್ಲಿ ಅಮೆರಿಕದ ಆಕ್ರನ್ ಪಟ್ಟಣದ ಹೋಟೆಲೊಂದರಲ್ಲಿ ಬಿಲ್ ಎಂಬ ವ್ಯಾಪಾರಿಯು ಒಂಟಿಯಾಗಿ ನಿಂತಿದ್ದರು. ಕೆಲವು ತಿಂಗಳುಗಳಿಂದ ಕುಡಿತ ಬಿಟ್ಟಿದ್ದ ಅವರನ್ನು ಅಂದು ಮದ್ಯದ ಆಸೆ ಮತ್ತೆ ಸೆಳೆಯಿತು. ತಮ್ಮಂತೆಯೇ ನರಳುತ್ತಿರುವ ಇನ್ನೊಬ್ಬರೊಡನೆ ಮಾತನಾಡಿದರೆ ಉಳಿದೇನು ಎಂದುಕೊಂಡು, ಅಲ್ಲಿದ್ದ ದೇವಾಲಯಗಳ ಪಟ್ಟಿಯನ್ನು ನೋಡಿ ಒಬ್ಬ ಪಾದ್ರಿಗೆ ದೂರವಾಣಿ ಮಾಡಿದರು. ಆ ಪಾದ್ರಿಯು ಕೆಲವರ ಹೆಸರುಗಳನ್ನು ಕೊಟ್ಟರು. ಹಾಗೆ ದೊರೆತವರೇ ಬಾಬ್ ಎಂಬ ವೈದ್ಯರು. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟ ಹುಟ್ಟಿದ್ದು ಈ ಭೇಟಿಯಿಂದ. ಅದೇ ಊರಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 1939ರಿಂದ ಕನ್ಯಾಸ್ತ್ರೀ ಇಗ್ನೇಷಿಯಾ ಅವರು ಇಂಥ ರೋಗಿಗಳಿಗೆ ಹಾಸಿಗೆ ಒದಗಿಸಿದರು. ಮನೆಗೆ ಹೊರಟವರ ಕೈಗೆ ಅವರು ಯೇಸುವಿನ ಪವಿತ್ರ ಹೃದಯದ ಪದಕವೊಂದನ್ನಿತ್ತು, ಮತ್ತೆ ಕುಡಿಯಬೇಕೆನಿಸಿದರೆ ಮೊದಲು ಇದನ್ನು ನನಗೆ ತಂದುಕೊಡಿ ಎನ್ನುತ್ತಿದ್ದರು. ಮರಳಿ ಬರುವ ದಾರಿಯನ್ನು ಅವರು ಮೊದಲೇ ತೆರೆದಿಟ್ಟಿದ್ದರು. ನಾವು ಮರೆತದ್ದು ಅದನ್ನೇ.

ಕೆಲವು ವರ್ಷಗಳ ಹಿಂದೆ ಇಂಥ ಒಂದು ಬಹಿರಂಗ ಸಭೆಗೆ ನಾವೂ ಹೋಗಿದ್ದೆವು. ಅಲ್ಲಿ ಕೇಳಿದ್ದನ್ನು ಹೇಳುವಂತಿಲ್ಲ, ಕಂಡಷ್ಟನ್ನು ಹೇಳುತ್ತೇವೆ. ಹತ್ತು ಹನ್ನೆರಡು ಕುರ್ಚಿಗಳು, ಚಹಾ, ಮುಚ್ಚಿದ ಬಾಗಿಲು. ಶುಲ್ಕವಿಲ್ಲ, ಮನೆತನದ ಹೆಸರು ಬೇಕಿಲ್ಲ, ಜಾತಿ ಮತಗಳ ವಿಚಾರಣೆಯಿಲ್ಲ. ಕುಡಿತ ಬಿಡಬೇಕೆಂಬ ಬಯಕೆಯೊಂದೇ ಸದಸ್ಯತ್ವಕ್ಕೆ ಸಾಕು. ಜೀವಮಾನದ ಪ್ರತಿಜ್ಞೆಯನ್ನು ಯಾರೂ ಕೇಳುವುದಿಲ್ಲ. ಇಂದು ಒಂದು ದಿನ ಕುಡಿಯದಿರುವುದು ಅವರ ಸಾಧನೆ. ಬಿಟ್ಟು ಮತ್ತೆ ಕುಡಿದಿದ್ದ ಯುವಕನೊಬ್ಬ ತಡವಾಗಿ ಬಂದು ಬಾಗಿಲಲ್ಲೇ ನಿಂತ. ಯಾರೂ ಏಕೆಂದು ಕೇಳಲಿಲ್ಲ. ಹಿರಿಯರೊಬ್ಬರು ತಮ್ಮ ಪಕ್ಕಕ್ಕೆ ಕುರ್ಚಿಯೆಳೆದು ಚಹಾ ಕೊಟ್ಟರು. ನಮ್ಮ ಹಳೆಯ ಕೂಲಿಯವರ ನೆನಪಾಗಿ ನಾವು ತಲೆ ತಗ್ಗಿಸಿದೆವು.

ಇಂತಹ ಸಭೆಯನ್ನು ಹುಡುಕುವುದೆಂತು? ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಹಣವಿಲ್ಲದೆ ಕರೆ ಮಾಡಬಹುದು. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಧರ್ಮಸ್ಥಳದ ಯೋಜನೆಯವರು ಮದ್ಯವರ್ಜನ ಶಿಬಿರ ಮುಗಿಸಿದವರಿಗಾಗಿ ನವಜೀವನ ಸಮಿತಿಗಳನ್ನು ನಡೆಸುತ್ತಾರೆ, ಅವರನ್ನೂ ಕೇಳಿರಿ. ಸ್ಥಳವೂ ವೇಳೆಯೂ ಬದಲಾಗುವುದುಂಟು, ಖಚಿತಪಡಿಸಿಕೊಂಡೇ ಹೊರಡಿರಿ. ಮಾಯಕೊಂಡದಂತಹ ಊರಿನಲ್ಲಿ ಯಾರು ಯಾವ ಬಾಗಿಲು ತಟ್ಟಿದರೆಂಬುದು ಸಂಜೆಯೊಳಗೆ ಎಲ್ಲರಿಗೂ ತಿಳಿಯುತ್ತದೆ. ಗುರುತಿಲ್ಲದ ಊರಿನ ಸಭೆಗೆ ರೈಲು ಹತ್ತಿ ಹೋಗುವುದರಲ್ಲಿ ನಾಚಿಕೆಯೇನೂ ಇಲ್ಲ. ಮೊದಲ ದಿನ ಒಬ್ಬರು ಜೊತೆಗೆ ಹೋದರೆ ಇನ್ನೂ ಒಳಿತು.

ಒಂದು ಎಚ್ಚರಿಕೆ. ಬಹುಕಾಲ ಪ್ರತಿದಿನ ಅತಿಯಾಗಿ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಮೊದಲ ಕೆಲವು ದಿನಗಳಲ್ಲಿ ಕೈನಡುಕ, ಮೂರ್ಛೆ, ಬುದ್ಧಿಭ್ರಮೆ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಅಂಥವರನ್ನು ಕೋಣೆಯಲ್ಲಿ ಕೂಡಿಹಾಕಬೇಡಿರಿ. ಮೊದಲು ವೈದ್ಯರಲ್ಲಿಗೆ ಕರೆದೊಯ್ಯಿರಿ. ಜಾಹೀರಾತನ್ನು ನಂಬಿ ಊಟದಲ್ಲಿ ಗುಟ್ಟಾಗಿ ಪುಡಿ ಬೆರೆಸಲೇಬೇಡಿರಿ. ಮನೆಯವರ ದುಃಖ ಹಂಚಿಕೊಳ್ಳಲು 1951ರಿಂದ ಆಲ್-ಅನಾನ್ ಎಂಬ ಪ್ರತ್ಯೇಕ ಕೂಟವೂ ಇದೆ. ಗಂಡ ಹೋಗಲೊಪ್ಪದಿದ್ದರೂ ಹೆಂಡತಿ ಅಲ್ಲಿಗೆ ಹೋಗಬಹುದು.

ಆಕ್ರನ್ನಿನ ಪಾದ್ರಿಗೆ ಬಂದಂಥ ಕರೆ ನಾಳೆ ನಮ್ಮ ಗುರುಮನೆಗೂ ಬರಬಹುದು. ಆಗ ಕೊಡಲು ನಮ್ಮಲ್ಲಿ ಒಂದು ಹೆಸರಾದರೂ ಇರಬೇಡವೇ? ಆದ್ದರಿಂದ ಶತಮಾನೋತ್ಸವದ ನೆನಪಿಗೆ ಒಂದು ಕೋಣೆಯನ್ನು ವಾರಕ್ಕೊಂದು ಸಂಜೆ ಇಂಥ ಕೂಟಕ್ಕೆ ಬಿಟ್ಟುಕೊಡಲು ಬಯಸಿದ್ದೇವೆ. ಅವರು ಹೊರಗಿನವರ ದಾನ ಪಡೆಯುವುದಿಲ್ಲ. ಕೊಡುವ ಅಲ್ಪ ಬಾಡಿಗೆಯನ್ನು ಸ್ವೀಕರಿಸುತ್ತೇವೆ. ನಾವು ಅಧ್ಯಕ್ಷತೆ ವಹಿಸುವುದಿಲ್ಲ; ಬೀಗದ ಕೈಯನ್ನಿತ್ತು ಹಿಂದೆ ಸರಿಯುತ್ತೇವೆ. ಆ ಸಂಜೆ ಅತ್ತ ಹೋಗುವವರು ಯಾರೆಂದು ತಾವೂ ಕಿಟಕಿಯಿಂದ ನೋಡದಿದ್ದರೆ, ಅದೇ ತಮ್ಮ ದೊಡ್ಡ ಕಾಣಿಕೆ.

ಹರಿಹರದ ಆರೋಗ್ಯ ಮಾತೆಯ ಮಧ್ಯಸ್ಥಿಕೆಯಿಂದ ಎಲ್ಲ ಮನೆಗಳಲ್ಲೂ ಶಾಂತಿ ನೆಲೆಸಲಿ. ದೇವರು ತಮ್ಮೆಲ್ಲರನ್ನೂ ಆಶೀರ್ವದಿಸಲಿ.