ಮೈಲುತುತ್ತ ಎಲ್ಲಿಗೆ ಹೋಯಿತು?

(ಬಣಕಲ್‌ನ ಕಲಿಕೆ ಕೇಂದ್ರದಲ್ಲಿ ಆಡಿದ ಮಾತು)



ಮಳೆ ಜೋರಾಗಿದೆ. ಹೆಂಚಿನ ಸದ್ದಿಗೆ ಮಾತು ಕೇಳದಿದ್ದರೆ ಮುಂದೆ ಬಂದು ಕೂತ್ಕೊಳ್ಳಿ.

ಹೋದ ವಾರ ಒತ್ತಕ್ಷರದ ಪಾಠದಲ್ಲಿ 'ಮೈಲುತುತ್ತ' ಎಂದು ಬರೆಸಿದೆವು. ಆಗ ಲೈನಿನ ಒಬ್ಬ ಅಕ್ಕ ಕೇಳಿದರು. "ಟೀಚರೇ, ವರ್ಷಾ ವರ್ಷಾ ಇಷ್ಟೊಂದು ಮೈಲುತುತ್ತ ಹೊಡೀತೀವಲ್ಲ, ಅದು ಎಲ್ಲಿಗೆ ಹೋಗುತ್ತೆ? ಬ್ಯಾರೆಲ್ ತೊಳೆಯೋ ಜಾಗದಲ್ಲಿ ಹರಿವೆ ಹಾಕಿದೀನಿ. ಮಕ್ಕಳಿಗೆ ಕೊಡಬಹುದಾ?"

ಆವತ್ತು ನಮಗೆ ಉತ್ತರ ಗೊತ್ತಿರಲಿಲ್ಲ. ಓದಿಕೊಂಡು ಬಂದಿದ್ದೇವೆ.

ಮೈಲುತುತ್ತದ ನೀಲಿ ಹರಳಿನಲ್ಲಿ ಇರುವುದು ತಾಮ್ರ. ನಾಲ್ಕು ಪಾಲಿನಲ್ಲಿ ಒಂದು ಪಾಲು ತಾಮ್ರವೇ. ಸುಣ್ಣ ಸೇರಿಸಿದರೆ ಬೋರ್ಡೋ ದ್ರಾವಣ. ಬೋರ್ಡೋ ಎಂಬುದು ಫ್ರಾನ್ಸ್ ದೇಶದ ಒಂದು ಊರು. ಅಲ್ಲಿನ ದ್ರಾಕ್ಷಿ ತೋಟಗಳಿಗೆ ಇದನ್ನು ಮೊದಲು ಹೊಡೆದರು. ನಮ್ಮ ಕಡೆ ಅಡಿಕೆಯ ಕೊಳೆರೋಗಕ್ಕೆ ಇದನ್ನು ಹೊಡೆಯಲು ಕಲಿಸಿದವರು ಮೈಸೂರು ಸರ್ಕಾರದಲ್ಲಿದ್ದ ಕೋಲ್ಮನ್ ಸಾಹೇಬರು. ಅದು ನೂರು ವರ್ಷಕ್ಕೂ ಹಿಂದಿನ ಮಾತು. ಕಾಫಿಯ ಎಲೆ ತುಕ್ಕು ರೋಗಕ್ಕೂ ಇದೇ ಔಷಧಿ. ಆ ರೋಗ 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು ಅಲ್ಲಿನ ಕಾಫಿಯನ್ನೇ ಮುಗಿಸಿತು. ಅಲ್ಲಿಯವರು ಕಾಫಿ ಬಿಟ್ಟು ಟೀ ಹಾಕಿದರು. ನಮ್ಮ ಬಾಳೆಹೊನ್ನೂರಿನ ಹತ್ತಿರ 1925ರಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾಯಿತು. ಹಾಗಾಗಿ ಮೈಲುತುತ್ತವನ್ನು ಬೈಯಲು ನಾವು ಬಂದಿಲ್ಲ. ಅದರಿಂದ ಕಾಫಿ ಉಳಿದಿದೆ, ನಿಮ್ಮ ಕೂಲಿಯೂ ಉಳಿದಿದೆ.

ಈಗ ಒಂದು ಲೆಕ್ಕ. ಸ್ಲೇಟು ತಗೊಳ್ಳಿ. 200 ಲೀಟರ್ ಬ್ಯಾರೆಲ್‌ಗೆ 1 ಕಿಲೋ ಮೈಲುತುತ್ತ. ಅದರಲ್ಲಿ ತಾಮ್ರ 250 ಗ್ರಾಂ. ಒಂದು ಎಕರೆಗೆ ವರ್ಷಕ್ಕೆ ನಾಲ್ಕು ಬ್ಯಾರೆಲ್ ಹೊಡೆದರು ಅಂದುಕೊಳ್ಳಿ. ಎಷ್ಟಾಯಿತು? 1 ಕಿಲೋ ತಾಮ್ರ. ನಲವತ್ತು ವರ್ಷ ಹೊಡೆದರೆ 40 ಕಿಲೋ!

ಸೊಪ್ಪು ಕೊಳೆಯುತ್ತದೆ, ಸಗಣಿ ಕೊಳೆಯುತ್ತದೆ. ತಾಮ್ರ ಕೊಳೆಯುವುದಿಲ್ಲ. ಎಲೆಯ ಮೇಲೆ ಬಿದ್ದದ್ದು ಮಳೆಗೆ ತೊಳೆದು, ಎಲೆ ಉದುರಿ, ನೆಲಕ್ಕೇ ಬರುತ್ತದೆ. ಸ್ವಲ್ಪ ಮಣ್ಣಿನ ಜೊತೆ ಕೊಚ್ಚಿ ಹಳ್ಳಕ್ಕೆ, ಹೇಮಾವತಿಗೆ ಹೋಗುತ್ತದೆ. ಉಳಿದದ್ದು ಮೇಲ್ಮಣ್ಣಿನಲ್ಲಿ, ತರಗೆಲೆ ಗೊಬ್ಬರಕ್ಕೆ ಅಂಟಿಕೊಂಡು ಕೂರುತ್ತದೆ.

ಬೇರು ಅದನ್ನು ಹೇಗೆ ಕುಡಿಯುತ್ತದೆ? ಬೇರಿಗೆ ಹಲ್ಲಿಲ್ಲ. ನೀರಿನಲ್ಲಿ ಕರಗಿದ್ದನ್ನು ಮಾತ್ರ ಅದು ಎಳೆದುಕೊಳ್ಳುತ್ತದೆ. ಮಣ್ಣು ಹುಳಿಯಾದಷ್ಟೂ ಲೋಹ ಹೆಚ್ಚು ಕರಗುತ್ತದೆ. ನಮ್ಮ ಮಲೆನಾಡಿನ ಮಣ್ಣು ಮಳೆಗೆ ತೊಳೆದು ತೊಳೆದು ಹುಳಿಯಾದದ್ದು. ತೋಟಕ್ಕೆ ಸುಣ್ಣ ಹಾಕಿಸುತ್ತಾರಲ್ಲ, ಅದು ಹುಳಿ ಕಡಿಮೆ ಮಾಡುತ್ತದೆ. ತಾಮ್ರವೂ ಕರಗದೆ ಕೂರುತ್ತದೆ.

ಗಿಡಕ್ಕೂ ನಮಗೂ ತಾಮ್ರ ಚೂರೇ ಚೂರು ಬೇಕು. ಹೆಚ್ಚಾದರೆ ಗಿಡ ಅದನ್ನು ಬೇರಿನಲ್ಲೇ ತಡೆದು ಇಟ್ಟುಕೊಳ್ಳುತ್ತದೆ. ಇನ್ನೂ ಹೆಚ್ಚಾದರೆ ಬೇರು ಮೋಟಾಗುತ್ತದೆ, ಎಲೆ ಹಳದಿಯಾಗುತ್ತದೆ. ಆ ಅಕ್ಕನ ಹರಿವೆ ನೋಡಲು ಹೋಗಿದ್ದೆವು. ಗೇಣುದ್ದವೂ ಬೆಳೆದಿರಲಿಲ್ಲ. ಒಂದು ಕಿತ್ತು ನೋಡಿದರೆ ಬೇರು ಸವೆದ ಬ್ರಷ್ಷಿನ ಹಾಗಿತ್ತು. "ಬೀಜ ಸರಿ ಇಲ್ಲ ಅಂತ ಅಂಗಡಿಯವನಿಗೆ ಬೈದು ಬಂದೆ" ಅಂದರು ಅಕ್ಕ. ಪಾಪ, ಅಂಗಡಿಯವನು!

ಅಂದರೆ ತಾಮ್ರ ಹೆಚ್ಚಾದರೆ ಸಾಮಾನ್ಯವಾಗಿ ಗಿಡವೇ ಮೊದಲು ಸೊರಗುತ್ತದೆ. ನಮಗೆ ಗೊತ್ತಾಗುತ್ತದೆ. ಆದರೆ ಎಲ್ಲ ಲೋಹವೂ ಹೀಗೆ ಹೇಳಿಕೊಂಡು ಬರುವುದಿಲ್ಲ. ಕ್ಯಾಡ್ಮಿಯಂ ಎಂಬ ಲೋಹ ಇದೆ. ಅದು ಗಿಡಕ್ಕೆ ಬೇಕಾದ ಸತುವಿನ ಹಾಗೇ ಇರುತ್ತದೆ. ಬೇರಿಗೆ ಗುರುತು ಹತ್ತದೆ ಬಾಗಿಲು ತೆಗೆಯುತ್ತದೆ. ಅದು ಎಲೆಗೆ ಹೋಗಿ ತುಂಬಿದರೂ ಸೊಪ್ಪು ಹಸಿರಾಗೇ ಕಾಣುತ್ತದೆ. ಬೇಯಿಸಿದರೆ ಹೋಗುವುದಿಲ್ಲ. ತಿಂದವರ ಮೂತ್ರಪಿಂಡದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬೆಂಗಳೂರಿನ ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪಿನಲ್ಲಿ ಸೀಸ, ಕ್ಯಾಡ್ಮಿಯಂ ಸಿಕ್ಕಿದ್ದನ್ನು ಪರೀಕ್ಷೆ ಮಾಡಿದವರು ಬರೆದಿದ್ದಾರೆ. ಪೇಟೆ ಸೊಪ್ಪು ಚೆಂದ ಅಂತ ನಾವೂ ಹೊಗಳುತ್ತಿದ್ದೆವು.

ನಮ್ಮ ಲೈನುಗಳಲ್ಲಿ ನಮಗೆ ಹೆದರಿಕೆ ಆದದ್ದು ಬೇರೆ ಕಡೆ. ಹಳೇ ಪೇಂಟಿನ ಡಬ್ಬದಲ್ಲಿ ಕೊತ್ತಂಬರಿ ಹಾಕಿದ್ದು ಕಂಡೆವು. ಒಂದು ಮನೆಯ ಹಿಂದೆ ಜೀಪಿನ ಹಳೇ ಬ್ಯಾಟರಿ ಒಡೆದು ಬಿದ್ದಿತ್ತು, ಪಕ್ಕದಲ್ಲೇ ಮೂಲಂಗಿ ಮಡಿ. ಬ್ಯಾಟರಿಯಲ್ಲಿ ಇರುವುದು ಸೀಸ. ಹಳೇ ಬಣ್ಣದಲ್ಲೂ ಸೀಸ ಇರಬಹುದು. ಸೀಸ ಹೆಚ್ಚಾಗಿ ಬೇರಿನಲ್ಲೇ ನಿಲ್ಲುತ್ತದೆ, ಮೂಲಂಗಿಯಲ್ಲಿ ನಾವು ತಿನ್ನುವುದು ಅದನ್ನೇ ಅಲ್ಲವೇ? ಸೊಪ್ಪಿಗೆ ಅಂಟಿದ ಮಣ್ಣಿನ ಜೊತೆಗೂ ಬರುತ್ತದೆ. ಅಲ್ಲಿ ಆಡುವ ಮಗು ಮಣ್ಣಿನ ಕೈ ಬಾಯಿಗೆ ಇಟ್ಟರೆ ನೇರ ಹೊಟ್ಟೆಗೆ. ಮಕ್ಕಳ ಮಿದುಳಿಗೆ ಸೀಸ ಬಹಳ ಕೆಟ್ಟದ್ದು.

ಲೋಹವನ್ನು ಬೇಕೆಂದೇ ಕುಡಿಯುವ ಗಿಡಗಳೂ ಇವೆ. ಕಲ್ಲುಗೋಡೆಯ ಸಂದಿನಲ್ಲಿ ಬೆಳೆಯುವ ಜರಿಗಿಡದ ಒಂದು ಜಾತಿ ಮಣ್ಣಿನ ಪಾಷಾಣವನ್ನು ಎಳೆದು ಎಲೆಗೆ ತುಂಬಿಕೊಳ್ಳುತ್ತದೆ. ಅಮೆರಿಕದಲ್ಲಿ 2001ರಲ್ಲಿ ಇದನ್ನು ಕಂಡು ಬರೆದರು. ಕೆಟ್ಟ ನೆಲ ತೊಳೆಯಲು ಅದನ್ನು ನೆಟ್ಟು, ಕೊಯ್ದು, ದೂರ ಸಾಗಿಸುತ್ತಾರೆ. ಆ ಸೊಪ್ಪನ್ನು ಮತ್ತೆ ಗೊಬ್ಬರಗುಂಡಿಗೆ ಹಾಕಿದರೆ ಏನೂ ಮಾಡಿದ ಹಾಗಾಗಲಿಲ್ಲ.

ಇನ್ನು ಅಕ್ಕನ ಪ್ರಶ್ನೆ. ಹರಿವೆ ಮಡಿಯನ್ನು ಬ್ಯಾರೆಲ್ ಜಾಗದಿಂದ ಮೇಲಕ್ಕೆ, ತೊಳೆದ ನೀರು ಹರಿಯದ ಕಡೆಗೆ ಹಾಕಿ. ಔಷಧಿ ಹೊಡೆಯುವ ದಿನ ಎಲೆ ಮೇಲೆ ಹನಿ ಬಿದ್ದರೆ ಆ ಸೊಪ್ಪು ಕೊಯ್ಯಬೇಡಿ. ಕೆಸುವಿನ ಎಲೆಯೂ ಅಷ್ಟೆ, ತೋಟದ ಅಂಚಿನದ್ದನ್ನು ಪತ್ರೊಡೆಗೆ ತರಬೇಡಿ. ಔಷಧಿಯ ಡಬ್ಬ, ಬ್ಯಾರೆಲ್ ಯಾವುದೂ ಮನೆ ನೀರಿಗೆ ಬೇಡ. ಬ್ಯಾರೆಲನ್ನು ಹಳ್ಳದಲ್ಲಿ ತೊಳೆಯಬೇಡಿ, ಮೀನು ಸಾಯುತ್ತದೆ. ಒಡೆದ ಬ್ಯಾಟರಿಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಎತ್ತಿಸಿ, ಆ ಮಡಿಯ ಮೂಲಂಗಿ ಬಿಟ್ಟುಬಿಡಿ. ಇದನ್ನು ಹೇಳುವಾಗ ನಮಗೇ ಸಂಕಟ. ಮೂರು ತಿಂಗಳು ನೀರು ಹೊತ್ತು ಬೆಳೆದದ್ದು.

ಮೊನ್ನೆ ಅಕ್ಕ ಬಾವಿಕಟ್ಟೆಯ ಪಕ್ಕ ಹೊಸ ಮಡಿ ಮಾಡಿದ್ದಾರೆ. ಬೀಜ ಅದೇ ಅಂಗಡಿಯದು. ನಾಲ್ಕೇ ದಿನಕ್ಕೆ ಮೊಳಕೆ ಬಂದಿದೆ.